ಮೇಷ್ಟ್ರು ಸತ್ತ ಬೆಳಿಗ್ಗೆ

ಬಾಗಿಲು ತೆಗೆದವಳು ಆಯಾ. ಅವಳು ಕಿರುಚಿದ್ದು ಕೇಳಿ ಮಹಡಿಯಿಂದ ಇಳಿದು ಬಂದವರು ಹಲ್ಲಿನ ಡಾಕ್ಟರಮ್ಮ.

ರೋಗಿಗಳು ಕಾಯುವ ಕೋಣೆಯಲ್ಲಿ ಗೋಡೆಗೆ ಒತ್ತಿಟ್ಟಿದ್ದ ಉಪ್ಪುನೀರಿನ ಗಾಜಿನ ತೊಟ್ಟಿ ಸುಣ್ಣ ಕದಡಿದಂತೆ ಮಸುಕಾಗಿತ್ತು. ಸಣ್ಣ ಮೀನುಗಳು ಮೇಲೆ ತೇಲುತ್ತಿದ್ದವು. ಅವುಗಳ ನಡುವೆ, ನಿದ್ದೆ ಬಂದು ಪಕ್ಕಕ್ಕೆ ಒರಗಿದಂತೆ, ಅಂಗೈಯಗಲದ ಹಳದಿ ಮೀನು. ಮೇಷ್ಟ್ರು!

ಆ ಹೆಸರಿಟ್ಟವರು ಡಾಕ್ಟರಮ್ಮನ ತಂದೆ. ಹಲ್ಲು ಕೀಳಿಸಲು ಬಂದ ಮಕ್ಕಳು ರಾಗ ತೆಗೆದರೆ ಸಾಕು, ಆ ಮೀನು ಗಾಜಿನ ಹತ್ತಿರ ಬಂದು ಬಾಯಿ ಆಡಿಸುತ್ತ ದುರುಗುಟ್ಟುತ್ತಿತ್ತು. ಮಕ್ಕಳು ತಟ್ಟನೆ ಬಾಯಿ ಮುಚ್ಚುತ್ತಿದ್ದರು. ಹಲ್ಲಿನ ಡಾಕ್ಟರಿಗೆ ಅದೊಂದೇ ತೊಂದರೆ.

ಡಾಕ್ಟರಮ್ಮ ಮೊದಲು ಫೋನ್ ಮಾಡಿದ್ದು ಕಲ್ಲಕ್ಕನಿಗೆ.

"ನಿನ್ನ ಸಿಮೆಂಟು ನನ್ನ ಮೀನನ್ನೆಲ್ಲ ನುಂಗಿ ನೀರು ಕುಡೀತು. ಬಂದು ನೋಡು. ಇವತ್ತು ಮತ್ಸ್ಯಾಲಯದವರು ಫೋನ್ ಮಾಡ್ತಾರಲ್ಲ, ಅವರಿಗೂ ಇದನ್ನೇ ಹೇಳ್ತೀನಿ."

ಕಲ್ಲಕ್ಕನ ಕೈಯಲ್ಲಿದ್ದ ಕರಣೆ ಕೆಳಗೆ ಬಿತ್ತು.

ಹಿತ್ತಲಲ್ಲಿ ಹೂಕುಂಡ ಎರಕ ಹೊಯ್ಯುತ್ತಿದ್ದ ಹೆಂಗಸು ಅವಳು. ಒಂದು ದಿನ ಯಾರೋ ಬಂದು, ಸಮುದ್ರದ ಮೀನಿಗೆ ಕಲ್ಲು ಮಾಡಿಕೊಡುತ್ತೀಯಾ ಎಂದು ಕೇಳಿದರು. ಕಡಲಿನ ಹವಳದ ಬಂಡೆ ಒಡೆದು ತರುವುದಕ್ಕಿಂತ ಮನೆಯಲ್ಲೇ ಮಾಡಿದ್ದು ಮೇಲು ಎಂದರು. ಸಿಮೆಂಟಿಗೆ ಚಿಪ್ಪಿನ ಪುಡಿ ಮತ್ತು ಹರಳುಪ್ಪು ಬೆರೆಸಿ, ಒದ್ದೆ ಮರಳಿನ ಗುಂಡಿಯಲ್ಲಿ ಎರೆಯುವುದು. ಗಟ್ಟಿಯಾದ ಮೇಲೆ ನೀರಿಗೆ ಹಾಕಿದರೆ ಉಪ್ಪು ಕರಗಿ ಕಲ್ಲಿನ ತುಂಬ ತೂತು. ಅಷ್ಟು ಸುಲಭ. ಕಷ್ಟವೆಲ್ಲ ಆಮೇಲಿನದು. ಹೊಸ ಸಿಮೆಂಟು ಕ್ಷಾರ ಉಗುಳುತ್ತದೆ, ಮೀನಿನ ಕಿವಿರು ಸುಟ್ಟುಹೋಗುತ್ತದೆ. ಅದಕ್ಕೆ ವಾರಗಟ್ಟಲೆ ನೀರಲ್ಲಿ ನೆನೆಹಾಕಿ, ನೀರು ಬದಲಿಸಿ, ಮತ್ತೆ ನೆನೆಹಾಕಿ, ಕಲ್ಲನ್ನು ಪಳಗಿಸಬೇಕು. ಕಲ್ಲಕ್ಕನಿಗೆ ಆ ಹೆಸರು ಬಂದದ್ದು ಕಲ್ಲಿನಿಂದಲ್ಲ, ಆ ಕಾಯುವಿಕೆಯಿಂದ. ಅವಸರ ಮಾಡಿದ ಗಿರಾಕಿಗಳನ್ನು ಅವಳು ಬಾಗಿಲಿಂದಲೇ ವಾಪಸ್ಸು ಕಳಿಸಿದ್ದಳು.

ಈಗ ಊರಿನ ಮತ್ಸ್ಯಾಲಯದವರು ತಮ್ಮ ದೊಡ್ಡ ತೊಟ್ಟಿಗೆಲ್ಲ ಅವಳ ಕಲ್ಲನ್ನೇ ಹಾಕಬೇಕೆಂದಿದ್ದರು. ಮೊದಲು, ಆಗಲೇ ಆ ಕಲ್ಲು ಹಾಕಿಸಿಕೊಂಡಿದ್ದ ಡಾಕ್ಟರಮ್ಮನ ಅಭಿಪ್ರಾಯ ಕೇಳುತ್ತೇವೆ ಎಂದಿದ್ದರು. ಆ ಬಾಯಿಂದ "ವಿಷ" ಎಂಬ ಮಾತು ಬಿದ್ದರೆ ಮುಗಿಯಿತು. ಆಮೇಲೆ ಹೂಕುಂಡಕ್ಕೂ ಯಾರೂ ಬರುವುದಿಲ್ಲ.

"ನಾನೂ ಬರ್ತೀನಿ, ಚಪ್ಪಲಿ ಹಾಕ್ಕೋ" ಎಂದಳು ಜೊತೆಗಿದ್ದ ಅವಳ ಚಿಕ್ಕಮ್ಮ.

ಚಿಕ್ಕಮ್ಮ ಪೊಲೀಸ್ ಠಾಣೆಯಲ್ಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ಮೀನೆಂದರೆ ಅವಳಿಗೆ ಏನೂ ಗೊತ್ತಿಲ್ಲ. ಮನುಷ್ಯರೆಂದರೆ ಸ್ವಲ್ಪ ಗೊತ್ತು.

*

ಆಸ್ಪತ್ರೆಯಲ್ಲಿ ಮೀನಂಗಡಿಯವನು ಆಗಲೇ ಹಾಜರಿದ್ದ. ಸಾಕುವ ಮೀನಿನ ಜೊತೆ ತೊಟ್ಟಿಗೆ ಹಾಕುವ ಕಡಲಿನ ಅಸಲಿ ಬಂಡೆಯನ್ನೂ ಮಾರುವವನು. ಕೈಯಲ್ಲಿ ಪರೀಕ್ಷೆಯ ಸೀಸೆ, ಅದರಲ್ಲಿ ನೇರಳೆ ಬಣ್ಣಕ್ಕೆ ತಿರುಗಿದ ತೊಟ್ಟಿ ನೀರು.

"ನೋಡಿ. ಹಸಿರಿರಬೇಕಾದ್ದು ಬದನೇಕಾಯಿ ಆಗಿದೆ. ಕ್ಷಾರ ನೆತ್ತಿಗೇರಿದೆ. ನಾನು ಮೊದಲೇ ಬಡ್ಕೊಂಡೆ—ಸಿಮೆಂಟು ಮನೆ ಕಟ್ಟೋಕೆ ಸರಿ, ಮೀನು ಸಾಕೋಕಲ್ಲ."

"ಬಡ್ಕೊಂಡಿದ್ದು ಸಾಕು, ಕೂತ್ಕೊಳ್ಳಪ್ಪ" ಎಂದಳು ಚಿಕ್ಕಮ್ಮ. "ಡಾಕ್ಟರಮ್ಮ, ಕಲ್ಲು ಬಂದು ಎಷ್ಟು ಕಾಲ ಆಯ್ತು?"

"ಮೂರು ತಿಂಗಳ ಮೇಲಾಯ್ತು."

"ನಿನ್ನೆವರೆಗೂ ಮೀನು?"

"ಚೆನ್ನಾಗೇ ಇದ್ವು."

"ಹಾಗಾದ್ರೆ ಮೂರು ತಿಂಗಳು ಸುಮ್ಮನಿದ್ದ ಕಲ್ಲಿಗೆ ನಿನ್ನೆ ಏನು ಹುಚ್ಚು ಹಿಡೀತು?"

ಕಲ್ಲಕ್ಕ ಸಣ್ಣ ದನಿಯಲ್ಲಿ ಹೇಳಿದಳು: "ಉಗುಳೋದಿದ್ರೆ ಮೊದಲ ವಾರದಲ್ಲೇ ಉಗುಳುತ್ತೆ ಚಿಕ್ಕಮ್ಮ. ಬರಬರ್ತಾ ಕಮ್ಮಿ ಆಗುತ್ತೆ. ಜಾಸ್ತಿ ಆಗಲ್ಲ."

"ಹಾಗಂತ ಮಾಡಿದವರೇ ಹೇಳ್ಬೇಕು!" ಮೀನಂಗಡಿಯವನು ನಕ್ಕ.

"ನೀನು ಕೊನೇ ಸಲ ಇಲ್ಲಿಗೆ ಬಂದಿದ್ದು ಯಾವಾಗ?" ಚಿಕ್ಕಮ್ಮ ಅವನನ್ನು ಕೇಳಿದಳು.

ಅವನ ನಗು ನಿಂತಿತು. "ಮೊನ್ನೆ. ದವಡೆ ನೋವಿತ್ತು."

"ಎಲ್ಲಿ ಕೂತಿದ್ದೆ?"

"ಈ ತೊಟ್ಟಿ ಪಕ್ಕ... ನೋಡಿ, ನನ್ನ ಮೇಲೆ ತಿರುಗಿಸಬೇಡಿ! ನಾನು ಮೀನು ಮಾರಿ ಬದುಕೋನು. ಮೀನು ಕೊಲ್ತೀನಾ?"

"ನೆಲ ಒರೆಸೋಕೆ ಏನು ಹಾಕ್ತೀಯಮ್ಮ?" ಚಿಕ್ಕಮ್ಮ ಆಯಾಳ ಕಡೆ ತಿರುಗಿದ್ದಳು.

"ಸೋಡಾ ಪುಡಿ. ಆದ್ರೆ ನಿನ್ನೆ ರಜಾ ಕಣಮ್ಮ! ನಾನು ಈ ಕಡೆ ತಲೆ ಹಾಕಿಲ್ಲ. ಬೀಗದ ಕೈ ಇವರ ಹತ್ರಾನೇ, ಬೆಳಿಗ್ಗೆ ಮೇಲೆ ಹೋಗಿ ಇಸ್ಕೊಂಡೆ."

"ಸೋಡಾ ಡಬ್ಬ ಎಲ್ಲಿರುತ್ತೆ?"

ಆಯಾ ತೊಟ್ಟಿಯ ಕೆಳಗಿನ ಕಪಾಟನ್ನು ತೋರಿಸಿ, ತೋರಿಸಿದ ಬೆರಳನ್ನು ತಾನೇ ಮುಷ್ಟಿಯೊಳಗೆ ಮುಚ್ಚಿಕೊಂಡಳು.

ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಡಾಕ್ಟರಮ್ಮನ ತಂದೆ ಕೂತಿದ್ದರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಆಸ್ಪತ್ರೆ ಕಟ್ಟಿದವರೇ ಅವರು. ದೃಷ್ಟಿ ಮಂಜಾದ ಮೇಲೆ ರೋಗಿಗಳನ್ನು ಮಗಳಿಗೆ ಬಿಟ್ಟು, ಹಲ್ಲಿನ ಸೆಟ್ಟು ತಯಾರಿಸುವ ಹಿಂದಿನ ಕೋಣೆಯಲ್ಲೋ ಮೀನಿನ ಮುಂದೆಯೋ ಹೊತ್ತು ಕಳೆಯುತ್ತಿದ್ದರು. ಈಗ ಮೇಷ್ಟ್ರನ್ನು ಒದ್ದೆ ಕರವಸ್ತ್ರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಬಟ್ಟೆಯ ಅಂಚು ಸವರುತ್ತಿದ್ದರು.

"ಸೋಡಾನೋ ಸಿಮೆಂಟೋ, ತಿಳ್ಕೊಳ್ಳೋದು ಹೇಗೆ?" ಎಂದು ಚಿಕ್ಕಮ್ಮ ಕಲ್ಲಕ್ಕನನ್ನು ಕೇಳಿದಳು.

ಕಲ್ಲಕ್ಕ ಆಗ ಮೊದಲ ಸಲ ತಲೆ ಎತ್ತಿದಳು. ಇದು ಅವಳ ಕೆಲಸ.

"ಒಂದೊಂದು ಕಲ್ಲನ್ನೂ ತೊಳೆದು ಬೇರೆ ಬೇರೆ ಬಕೆಟ್‌ಗೆ ಹಾಕೋಣ. ಸಾದಾ ನೀರು. ಸುಮ್ಮನೆ ಬಿಡಬೇಕು, ಆಮೇಲೆ ನೋಡಬೇಕು. ಯಾರಾದ್ರೂ ನೀರಿಗೆ ಸೋಡಾ ಸುರಿದಿದ್ರೆ ಎಲ್ಲಾ ಕಲ್ಲಿಗೂ ಒಂದೇ ಗತಿ. ನನ್ನ ಕಲ್ಲಿಂದೇ ತಪ್ಪಾದ್ರೆ... ಆ ಕಲ್ಲು ತಾನೇ ಹೇಳುತ್ತೆ."

ಹೀಗೆ ತನ್ನ ಕುತ್ತಿಗೆಗೆ ತಾನೇ ಹಗ್ಗ ಅಳೆದುಕೊಡುವವಳನ್ನು ಚಿಕ್ಕಮ್ಮ ಠಾಣೆಯಲ್ಲಿ ಕಂಡಿದ್ದು ಕಮ್ಮಿ. ಅವಳು ಬಕೆಟ್ ಎತ್ತಿಕೊಂಡಳು.

*

ಬಂದ ರೋಗಿಗಳನ್ನು ಆಯಾ ನಾಳೆ ಬನ್ನಿ ಎಂದು ಕಳಿಸಿದಳು. ಗೋಡೆಯುದ್ದಕ್ಕೂ ಸಾಲಾಗಿ ನಿಂತ ಬಕೆಟ್‌ಗಳನ್ನು ನೋಡುತ್ತ ಎಲ್ಲರೂ ಕೂತರು. ಕಲ್ಲಕ್ಕನ ಮಟ್ಟಿಗೆ ಕಾಯುವುದು ಹೊಸದಲ್ಲ. ಆದರೆ ಇಂಥ ಕಾಯುವಿಕೆ ಅವಳಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೀನಂಗಡಿಯವನು ಸೀಸೆಗಳಿಗೆ ಹನಿ ಬಿಟ್ಟ. ಮೊದಲ ಬಕೆಟ್—ಹಸಿರು. ಎರಡನೆಯದೂ ಹಸಿರು. ಆಚೆಯದೂ.

ಕೊನೆಯದು ನೇರಳೆ. ಕಪ್ಪನೆಯ ನೇರಳೆ.

ತೊಟ್ಟಿಯಲ್ಲೇ ದೊಡ್ಡದಾದ, ನಡುವೆ ಗುಹೆಯಿದ್ದ ಕಲ್ಲು ಅದು. ಮೇಷ್ಟ್ರು ಮಲಗುತ್ತಿದ್ದ ಕಲ್ಲು.

"ಸಾಕಲ್ಲ?" ಡಾಕ್ಟರಮ್ಮ ಎದ್ದು ನಿಂತರು. "ಸೋಡಾ ಅಲ್ಲ. ಕಲ್ಲೇ. ಇನ್ನೇನು ಬೇಕು?"

ಕಲ್ಲಕ್ಕ ಬಗ್ಗಿ ಬಕೆಟ್ ಹಿಡಿದುಕೊಂಡಳು. "ಇದು ಎಲ್ಲಕ್ಕಿಂತ ದಪ್ಪ ಚಿಕ್ಕಮ್ಮ. ಕಲ್ಲು ಪಳಗೋದು ಹೊರಗಿಂದ ಒಳಕ್ಕೆ. ಇಷ್ಟು ದಪ್ಪ ಇದ್ದದ್ದಕ್ಕೆ ಹೊಟ್ಟೆ ಹಸೀನೇ ಇರುತ್ತೆ. ಆದ್ರೆ ಹೊಟ್ಟೇಲಿರೋದು ಹೊಟ್ಟೇಲೇ ಇರುತ್ತೆ, ಆಚೆ ಬರಲ್ಲ!"

"ಒಡೆದ್ರೆ?"

"ಒಡೆದ್ರೆ ಮುಗೀತು. ಮತ್ತೆ ಮೊದಲಿಂದ ನೆನೆಹಾಕ್ಬೇಕು. ನಾನು ಪಳಗಿದ ಕಲ್ಲಿಗೆ ಉಳಿ ತಾಗಿಸೋದೇ ಇಲ್ಲ."

ಕರವಸ್ತ್ರದ ಅಂಚು ಸವರುತ್ತಿದ್ದ ಹೆಬ್ಬೆರಳು ನಿಂತಿತು. ಚಿಕ್ಕಮ್ಮ ಅದನ್ನು ನೋಡಿದಳು.

"ಡಾಕ್ಟರಮ್ಮ, ಬಾಯೊಳಗೆ ನೋಡೋ ಆ ಪುಟ್ಟ ಕನ್ನಡಿ ಇದೆಯಲ್ಲ—ಒಂದು ಕೊಡಿ. ಟಾರ್ಚೂ ಕೊಡಿ."

ಅವಳು ಕಲ್ಲನ್ನು ಎತ್ತಿ ಮೇಜಿನ ಮೇಲಿಟ್ಟು, ಗುಹೆಯ ಬಾಯಿಗೆ ಕನ್ನಡಿ ಇಟ್ಟಳು. ತುಂಬ ಹೊತ್ತು ನೋಡಿದಳು. ಆಮೇಲೆ ಕಲ್ಲಕ್ಕನ ಬೆರಳು ಹಿಡಿದು ಒಳಗೆ ತೂರಿಸಿದಳು.

"ಈ ಗುಹೆ ಮಾಡಿದ್ದು ನೀನೇನಾ?"

"ನಾನೇ. ಹಸಿ ಇದ್ದಾಗಲೇ ಮರಳು ತುಂಬಿಸಿ..." ಕಲ್ಲಕ್ಕನ ಮುಖ ಬದಲಾಯಿತು. "ಇಲ್ಲ. ಇದು ನನ್ನದಲ್ಲ! ನನ್ನ ಕಲ್ಲು ಮುಟ್ಟಿದ್ರೆ ಚರ್ಮ ಕಿತ್ತು ಬರಬೇಕು, ಅಷ್ಟು ಒರಟು. ಇದು ಬಟ್ಟಲಿನ ಹಾಗೆ ನುಣ್ಣಗಿದೆ. ಯಾರೋ ಕೊರೆದಿದಾರೆ!"

ಎಲ್ಲರ ಕಣ್ಣೂ ಮೀನಂಗಡಿಯವನ ಮೇಲೆ ಬಿತ್ತು.

"ನನ್ನ ಹತ್ರ ಡ್ರಿಲ್ ಇದೆ, ಇಲ್ಲ ಅನ್ನಲ್ಲ!" ಅವನು ಎರಡು ಹೆಜ್ಜೆ ಹಿಂದೆ ಹೋದ. "ಆದ್ರೆ ಮೊನ್ನೆ ಕೋಣೆ ತುಂಬ ಜನ! ಅವರ ಮುಂದೆ ಕಲ್ಲು ಎತ್ತಿ ಗುಹೆ ಕೊರೆಯೋಕಾಗುತ್ತಾ? ಅದೂ ಹಲ್ಲು ನೋವಲ್ಲಿ?"

"ಆಗಲ್ಲ" ಎಂದಳು ಚಿಕ್ಕಮ್ಮ. "ಡ್ರಿಲ್ಲಿನ ತೂತು ನೆಟ್ಟಗಿರುತ್ತೆ. ಡಾಕ್ಟರಮ್ಮ, ನೀವೇ ನೋಡಿ. ಇದು ಕಲ್ಲು ಅನ್ನೋದು ಮರೆತುಬಿಡಿ. ಹುಳುಕು ಹಲ್ಲು ಅಂದ್ಕೊಳ್ಳಿ."

ಡಾಕ್ಟರಮ್ಮ ಬೇಸರದಿಂದ ಬಗ್ಗಿದರು. ಕೈ ತಾನಾಗಿ ಕನ್ನಡಿ ಓರೆ ಮಾಡಿತು.

"ಬಾಯಿ ಕಿರಿದು, ಒಳಗೆ ಅಗಲ. ಮೂಲೆಗಳೆಲ್ಲ ಕೆತ್ತಿ ನಯ ಮಾಡಿದೆ. ಹಿಂದೆ ಹುಳುಕು ಹಲ್ಲಿಗೆ ಬೆಳ್ಳಿ ತುಂಬೋ ಕಾಲದಲ್ಲಿ ಹೀಗೆ ಕೊರೀತಿದ್ರು, ತುಂಬಿದ್ದು ಉದುರಿಹೋಗಬಾರದು ಅಂತ. ನಮ್ಮ ಕಾಲಕ್ಕೆ ಅಂಟಿಸೋ ಪದಾರ್ಥ ಬಂತು. ಈಗ ಯಾರೂ ಹೀಗೆ ಕೊರಿಯ—"

ಮಾತು ಅಲ್ಲೇ ಮುರಿಯಿತು. ಕನ್ನಡಿ ಹಿಡಿದ ಕೈ ಮೇಜಿನ ಮೇಲೆ ಇಳಿಯಿತು. ಅವರು ಹಿಂತಿರುಗಿ ನೋಡಲಿಲ್ಲ.

ಕಲ್ಲಕ್ಕನಿಗೆ ಅರ್ಥವಾಯಿತು. ತೊಡೆಯ ಮೇಲಿನ ಪುಟ್ಟ ಗಂಟನ್ನೂ, ಅದನ್ನು ಹಿಡಿದ ಸುಕ್ಕುಗಟ್ಟಿದ ಕೈಗಳನ್ನೂ ನೋಡಿ, ಚಿಕ್ಕಮ್ಮನ ಕಡೆ ತಿರುಗಿ ಬೇಡ ಎಂದು ತಲೆಯಾಡಿಸಿದಳು. ಬಿಟ್ಟುಬಿಡು, ಹೇಳಬೇಡ.

ಚಿಕ್ಕಮ್ಮ ಟಾರ್ಚು ಆರಿಸಿ ಕೆಳಗಿಟ್ಟಳು. ಹೇಳದೆ ಬಿಟ್ಟರೆ ಆ ಭಾರ ಎಲ್ಲಿ ಹೋಗಿ ಬೀಳುತ್ತದೆಂದು ಅವಳಿಗೆ ಗೊತ್ತಿತ್ತು. ಕುರ್ಚಿಯ ಮುಂದೆ ಹೋಗಿ, ಮಂಡಿ ನೋವನ್ನೂ ಲೆಕ್ಕಿಸದೆ ಕುಕ್ಕರುಗಾಲಲ್ಲಿ ಕೂತಳು.

"ದೊಡ್ಡ ಡಾಕ್ಟರೇ, ಕಲ್ಲು ಕೊರೆದಿದ್ದು ನೀವು. ಅಲ್ವಾ?"

ಅವರು ಗಂಟಿನಿಂದ ಕಣ್ಣೆತ್ತಲಿಲ್ಲ.

"ನಿನ್ನೆ ರಜಾ. ಕೆಳಗೆ ಯಾರೂ ಇರಲಿಲ್ಲ. ಹಿಂದಿನ ಕೋಣೇಲಿ ಸೆಟ್ಟು ಉಜ್ಜೋ ಯಂತ್ರ ಇದೆ. ಕೆಲಸ ಮೀನಿಗೇ ಆದ್ರೂ ಕೈ ಅಭ್ಯಾಸ ಬಿಡಲಿಲ್ಲ. ಬೆಳ್ಳಿ ತುಂಬೋಕೆ ಕೊರೆಯೋ ಹಾಗೇ ಕೊರೆದ್ರಿ. ಹೊಟ್ಟೆಯೊಳಗಿನ ಹಸಿ ಸಿಮೆಂಟಿಗೆ ನೀರು ತಾಗಿ ಕ್ಷಾರ ಬಿಡ್ತು. ನಿಮಗೆ ಅದು ಗೊತ್ತಿರಲಿಲ್ಲ. ಗೊತ್ತಾಗಿದ್ದು ಈಗ, ಇವಳು ಹೇಳಿದಾಗ. ಕೇಡು ಮಾಡೋಕೆ ಮಾಡಿದ್ದಲ್ಲ ಅನ್ನೋದು ಆ ಕರವಸ್ತ್ರ ನೋಡಿದ್ರೆ ತಿಳಿಯುತ್ತೆ. ಯಾಕೆ ಮಾಡಿದ್ರಿ, ಅದೊಂದು ಹೇಳಿ."

"ದೊಡ್ಡವನಾಗಿಬಿಟ್ಟಿದ್ದ" ಎಂದರು ಅವರು. ದನಿ ಒಣಗಿತ್ತು. "ಒಳಗೆ ಹೋದ್ರೆ ತಿರುಗೋಕೆ ಜಾಗ ಇಲ್ಲ. ಹಿಂದಿಂದಾನೇ ಆಚೆ ಬರೋನು. ಪಕ್ಕೆಯೆಲ್ಲ ತರಚಿಕೊಂಡಿದ್ದ. ನೋಡೋಕಾಗ್ಲಿಲ್ಲ. ತೊಳೆದಿದ್ದೆನಮ್ಮ... ಪುಡಿ ಒಂದು ಚೂರೂ ಇರದ ಹಾಗೆ ತೊಳೆದೇ ಇಟ್ಟಿದ್ದೆ."

"ತೊಳೆದ್ರೆ ಹೋಗಲ್ಲ ಸಾರ್" ಎಂದಳು ಕಲ್ಲಕ್ಕ. "ನೀರಲ್ಲಿ ಕೂತು ಕೂತೇ ಹೋಗಬೇಕು. ಕಲ್ಲು ಕೊಡುವಾಗ ಸೋಪು ಹಾಕಬೇಡಿ ಅಂದೆ, ಕೊರೀಬೇಡಿ ಅನ್ನಲಿಲ್ಲ. ಕಲ್ಲನ್ನ ಯಾರು ಕೊರೀತಾರೆ ಅಂದ್ಕೊಂಡೆ."

"ಹಲ್ಲಿನ ಡಾಕ್ಟರಿಗೆ ಕೊಡ್ತಿದೀನಿ ಅನ್ನೋದು ನೆನಪಿರಬೇಕಿತ್ತು" ಎಂದು ಮೀನಂಗಡಿಯವನು ಗೊಣಗಿದ. ಅವನು ಸೀಸೆಗಳನ್ನು ಚೀಲಕ್ಕೆ ತುಂಬಿಕೊಂಡು, ಬಾಗಿಲಲ್ಲಿ ಒಂದು ಕ್ಷಣ ನಿಂತು, ಕಲ್ಲಕ್ಕನಿಗೆ "ಉಳಿದ ಕಲ್ಲೆಲ್ಲ ಹಸಿರೇ ಬಂತಲ್ಲ... ಒಳ್ಳೆ ಕೆಲಸ" ಎಂದು ಬೇಗ ಬೇಗ ಹೇಳಿ ಹೊರಟುಹೋದ.

ಡಾಕ್ಟರಮ್ಮ ಇನ್ನೂ ಮೇಜಿನ ಹತ್ತಿರವೇ ನಿಂತಿದ್ದರು. ಏನೋ ಹೇಳಲು ಕಲ್ಲಕ್ಕನ ಕಡೆ ತಿರುಗಿದರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

ಮತ್ಸ್ಯಾಲಯದವರು.

ಅವರು ಫೋನ್ ಕೈಗೆತ್ತಿಕೊಂಡು, ಬಾಯಿಯ ಭಾಗವನ್ನು ಅಂಗೈಯಿಂದ ಮುಚ್ಚಿದರು. ತಂದೆಯನ್ನು ನೋಡಿದರು, ಕಲ್ಲಕ್ಕನನ್ನು ನೋಡಿದರು. "ಕಲ್ಲು ಚೆನ್ನಾಗಿದೆ ಅಂತ ಮಾತ್ರ ಹೇಳ್ತೀನಿ. ಮೀನಿನ ವಿಷಯ ಎತ್ತಲ್ಲ. ಸರಿ ತಾನೇ?"

"ಆಯಾ ಕಳಿಸಿದ ರೋಗಿಗಳಿಗೆಲ್ಲ ಮೀನು ಸತ್ತಿದ್ದು ಗೊತ್ತು" ಎಂದಳು ಚಿಕ್ಕಮ್ಮ. "ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತೆ. ಅರ್ಧ ಹೇಳಿದ್ರೆ ಉಳಿದರ್ಧ ಜನ ಸೇರಿಸ್ಕೋತಾರೆ."

ಡಾಕ್ಟರಮ್ಮನ ಅಂಗೈ ಫೋನಿನ ಮೇಲೇ ಇತ್ತು. ಕಲ್ಲಕ್ಕನಿಗೆ ಬೇಡುವುದಕ್ಕೂ ಬಾಯಿ ಬರಲಿಲ್ಲ, ಬೇಡವೆನ್ನುವುದಕ್ಕೂ ಬರಲಿಲ್ಲ.

ದೊಡ್ಡ ಡಾಕ್ಟರು ಕರವಸ್ತ್ರದ ಗಂಟನ್ನು ಕುರ್ಚಿಯ ಮೇಲೆ ಜೋಪಾನವಾಗಿ ಇಟ್ಟು, ಗೋಡೆ ಹಿಡಿದು ಎದ್ದರು. ಮಗಳ ಹತ್ತಿರ ಹೋಗಿ ಕೈ ಚಾಚಿದರು.

"ಅಪ್ಪಾ, ಬೇಡ."

"ಕೊಡಮ್ಮ."

ಫೋನನ್ನು ಕಿವಿಗಿಟ್ಟು, ಗಂಟಲು ಸರಿಮಾಡಿಕೊಂಡು, ಅವರು ರೋಗಿಗಳಿಗೆ ನಿಜ ಹೇಳುವಾಗಿನ ತಮ್ಮ ಹಳೆಯ ದನಿಯಲ್ಲಿ ಶುರುಮಾಡಿದರು:

"ನಮಸ್ಕಾರ. ಕಲ್ಲಿನ ವಿಷಯ ತಾನೇ? ಆ ಹೆಣ್ಣುಮಗಳ ಕೆಲಸದಲ್ಲಿ ತಪ್ಪಿಲ್ಲ, ಧೈರ್ಯವಾಗಿ ತಗೊಳ್ಳಿ. ಇವತ್ತು ನಮ್ಮ ಮೀನು ಸತ್ತಿವೆ. ಅದು ನನ್ನಿಂದ ಆಗಿದ್ದು. ಹೇಗೆ ಅಂತ ಪೂರ್ತಿ ಹೇಳ್ತೀನಿ, ಬರ್ಕೊಳ್ಳಿ. ನಿಮ್ಮಲ್ಲೂ ಯಾರಾದ್ರೂ ಹೀಗೆ ಮಾಡಬಾರದು."