ಬಿಗಿಯಾದ ಪಟ್ಟಿ

ಗಾರ್ಡ್ ಸಾಹೇಬರ ಮೊಣಕಾಲು ಹಟ ಹಿಡಿದು ಕೂತಿದೆ ಎಂದು ಫಿಸಿಯೋ ಬಂದು ಹೇಳಿದಾಗ ಟೈಲರಮ್ಮನ ಕೈಯಲ್ಲಿದ್ದ ಸೂಜಿ ನಿಂತಿತು.

ಆ ಚಿಕಿತ್ಸಾ ಕೇಂದ್ರದ ಮೂಲೆಕೋಣೆಯಲ್ಲಿ ಅವಳದೊಂದು ಹೊಲಿಗೆ ಮಷಿನ್. ಆಪರೇಷನ್ ಆದ ಮೊಣಕಾಲಿನ ಮೇಲೊಂದು, ಕೆಳಗೊಂದು ಪುಟ್ಟ ಸೆನ್ಸರ್ ಕೂರಬೇಕು. ಕಾಲು ಎಷ್ಟು ಮಡಚಿತೆಂದು ಅವು ಕಂಪ್ಯೂಟರಿಗೆ ಚಾಡಿ ಹೇಳುತ್ತವೆ. ಅವು ಜಾರದಂತೆ ಒಬ್ಬೊಬ್ಬರ ಅಳತೆಗೆ ಪಟ್ಟಿ ಹೊಲಿಯುವುದು ಅವಳ ಕೆಲಸ.

ಗೂಡ್ಸ್ ರೈಲಿನ ಈ ಗಾರ್ಡ್ ಮೊದಲು ಬಂದಾಗ ತೊಡೆ ಸೊರಗಿ ಕಡ್ಡಿಯಾಗಿತ್ತು. ಮಾಂಸ ತುಂಬಿದಂತೆಲ್ಲ ಪಟ್ಟಿ ಬಿಗಿಯಾಗಿ, ಸಡಿಲಿಸಿಕೊಡಿ ಎಂದು ಬರುತ್ತಿದ್ದ. ಅವಳು ಹೊಲಿಗೆ ಬಿಚ್ಚುವಷ್ಟು ಹೊತ್ತೂ ಮಾತು. ಕೊನೇ ಡಬ್ಬಿಯಲ್ಲಿ ಒಂಟಿಯಾಗಿ ಕೂತು ಕೂತು ಮಾತಿನ ಮೂಟೆಯನ್ನೇ ಕಟ್ಟಿಟ್ಟಿದ್ದೀರಿ ಎಂದು ಅವಳು ರೇಗಿಸಿದರೆ, ಅವನ ಕಣ್ಣು ಮೊದಲು ನೆಲ ನೋಡಿ, ಆಮೇಲೆ ಮೆಲ್ಲಗೆ ಅವಳತ್ತ ಏಳುತ್ತಿತ್ತು.

ಇನ್ನೊಮ್ಮೆ ಬಿಗಿಯಾದರೆ ಎರಡೂ ತೊಡೆ ಸಮ, ಆಮೇಲೆ ಪಟ್ಟಿಯೂ ಬೇಡ, ನಾನೂ ಬೇಡ ಎಂದು ಕಳೆದ ಸಲ ನಗುತ್ತಲೇ ಹೇಳಿದ್ದಳು. ಅಂದಿನಿಂದ ಅವನು ಪಟ್ಟಿಯ ಸುದ್ದಿ ಎತ್ತಿರಲಿಲ್ಲ. ಅವಳೂ ಕೇಳಿರಲಿಲ್ಲ. ಗುಣವಾದವನು ಗಾಡಿ ಹತ್ತಿ ಹೊರಟುಬಿಡುತ್ತಾನಲ್ಲ.

ಈಗ ಮಡಚುವಾಗ ಕಾಲು ಅರ್ಧಕ್ಕೇ ನಿಲ್ಲುತ್ತಿದೆಯಂತೆ. ಹೀಗೇ ಆದರೆ ಡಾಕ್ಟರು ಅರಿವಳಿಕೆ ಕೊಟ್ಟು ಬಲವಂತವಾಗಿ ಮಡಚಬೇಕಾಗುತ್ತದಂತೆ.

ಅವಳು ನೆಟ್ಟಗೆ ವ್ಯಾಯಾಮದ ಕೋಣೆಗೆ ಹೋಗಿ, ಅಲ್ಲಿ ಕೂತಿದ್ದ ಅವನ ತೊಡೆಯ ಪಟ್ಟಿಯ ಕೆಳಗೆ ಬೆರಳು ತೂರಿಸಲು ನೋಡಿದಳು. ತೂರಲಿಲ್ಲ. ಅಂಚಿನುದ್ದಕ್ಕೂ ಕೆಂಪು ಬರೆ.

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಬಿಚ್ಚಿ ಕಳಿಸಿಬಿಡ್ತಿದ್ರಲ್ಲ.”

“ನನ್ನ ಮುಖ ನೋಡೋಕೆ ಕಾಲು ಕಳ್ಕೊಳ್ತೀರಾ? ಎಳೇ ಮಕ್ಕಳಿಗೂ ಇದಕ್ಕಿಂತ ಬುದ್ಧಿ ಇರುತ್ತೆ.”

ಬೈದದ್ದರಲ್ಲಿ ಅರ್ಧ ತನಗೇ ಸೇರಬೇಕೆಂದು ಅವಳಿಗೆ ಗೊತ್ತಿತ್ತು. ಕತ್ತರಿಯಿಂದ ಪಟ್ಟಿ ಕತ್ತರಿಸಿದಳು. ಎರಡೂ ಸೆನ್ಸರುಗಳನ್ನು ಅವು ಇದ್ದಲ್ಲೇ ಅಂಗೈಯಿಂದ ಒತ್ತಿ ಹಿಡಿದು, ಮಡಚಿ ಎಂದಳು. ಮೊಣಕಾಲು ಅವಳ ಕೈಗಳ ನಡುವೆ ಮೆಲ್ಲಗೆ ಬಾಗಿತು. ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಅರ್ಧ ದಾಟಿ ಏರುತ್ತಲೇ ಹೋಯಿತು. ಫಿಸಿಯೋ ಒಮ್ಮೆ ಕೆಮ್ಮಿ, ಏನೋ ಕೆಲಸ ನೆನಪಾದವನಂತೆ ಹೊರಗೆ ನಡೆದ.

ಕಾಲು ಗುಣವಾಗಿತ್ತು. ಅವಳು ಕೈ ತೆಗೆಯಲಿಲ್ಲ.

“ಇನ್ನು ಇಲ್ಲಿಗೆ ಬರೋಕೆ ನೆಪ ಇಲ್ಲ,” ಎಂದನವನು.

“ಇಲ್ಲಿಗೆ ಬೇಡ. ಭಾನುವಾರ ಮನೆಗೆ ಬನ್ನಿ, ಅಮ್ಮ ಇರ್ತಾರೆ. ಕೇಳೋದನ್ನ ಅವರ ಹತ್ರಾನೇ ಕೇಳಿ.” ಅವಳು ಎದ್ದು ಕತ್ತರಿ ಎತ್ತಿಕೊಂಡಳು. “ಮೂರನೇ ಮಹಡಿ. ಲಿಫ್ಟ್ ಇಲ್ಲ, ಈಗ್ಲೇ ಹೇಳಿದೀನಿ.”