ವರ್ಣಾವತಿಯ ಗೋಡೆಯೊಳಗಿನ ಜನ

ಬಹಳ ಕಾಲದ ಹಿಂದೆ, ಬೆಟ್ಟಗಳ ಆಚೆ, ವರ್ಣಾವತಿ ಎಂಬ ರಾಜ್ಯವಿತ್ತು. ಅಲ್ಲಿ ಚಿತ್ರವಿಲ್ಲದ ಗೋಡೆಯೇ ಇರಲಿಲ್ಲ. ಅದನ್ನು ನೋಡಿ ಬರುತ್ತೇನೆಂದು ಹೋದ ಚೆನ್ನಾಜಿ ಎಂಬ ಹುಡುಗಿ ತಿಂಗಳಾದರೂ ಮನೆಗೆ ಮರಳಲಿಲ್ಲ. ಅವಳಿಗೆ ತನ್ನವರು ಅಂತ ಇದ್ದವಳು ಅಕ್ಕ ದೇಮವ್ವ ಒಬ್ಬಳೇ. ದೇಮವ್ವ ಎಂಥ ಅನುಮಾನದ ಹೆಣ್ಣೆಂದರೆ, ತಾನೇ ಕರೆದ ಹಾಲನ್ನೂ ಮೂಸಿ ನೋಡಿಯೇ ಕುಡಿಯುವಳು. ಸೆರಗು ಬಿಗಿದು, ತಂಗಿಯನ್ನು ಹುಡುಕಲು ನಡೆದೇ ಹೊರಟಳು.

ವರ್ಣಾವತಿಯ ಬೀದಿಗೆ ಕಾಲಿಟ್ಟ ಕೂಡಲೇ ಗೋಡೆಯ ಮೇಲಿನ ನವಿಲೊಂದು ಕೆಳಗಿಳಿದು ಬಂತು.

"ಬಾ ತಾಯಿ, ನನ್ನ ಬೆನ್ನೇರು. ಊರೆಲ್ಲ ತೋರಿಸ್ತೀನಿ."

"ನಂಗೆ ಕಾಲಿದೆ" ಎಂದು ದೇಮವ್ವ ಮುಂದೆ ನಡೆದಳು. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ನವಿಲಿಗೆ ಬೆನ್ನೇ ಇರಲಿಲ್ಲ. ಬಣ್ಣ ಬಳಿದದ್ದು ಮುಂಭಾಗಕ್ಕೆ ಮಾತ್ರ.

ಬೀದಿಯ ಕೊನೆಗೆ ದೊಡ್ಡ ಚಿತ್ರಶಾಲೆ. ಬಾಗಿಲ ಮೇಲಿನ ಸಿಂಹ ಕೆಳಗಿಳಿದು ಹೋಳಿಗೆ ತಟ್ಟೆ ಹಿಡಿಯಿತು.

"ದಣಿದು ಬಂದಿದ್ದೀಯ ತಾಯಿ, ಬಿಸಿಬಿಸಿ ಇದೆ, ತಿನ್ನು."

"ಬಿಸಿ ಹೋಳಿಗೆ ಅಂತೀಯ, ತುಪ್ಪದ ವಾಸನೆಯೇ ಇಲ್ವಲ್ಲಪ್ಪ?" ಎಂದು ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋದಳು.

ಒಳಗೆ ಸಾಲುಸಾಲು ಜನರ ಚಿತ್ರಗಳು. ಎಲ್ಲರೂ ಬೆಚ್ಚಿಬಿದ್ದವರ ಹಾಗೆ ಕಣ್ಣರಳಿಸಿದ್ದರು. ಎಲ್ಲರೂ ಬರಿಗಾಲಿನಲ್ಲಿದ್ದರು. ಅವರ ನಡುವೆ ಚೆನ್ನಾಜಿಯೂ ಇದ್ದಳು! ದೇಮವ್ವ ಹಿಂದೆಯೇ ಬಂದಿದ್ದ ಸಿಂಹದ ಕಡೆ ತಿರುಗಿದಳು.

"ಯಾರು ಬರೆದದ್ದು ಇದನ್ನ?"

"ಕುಂಚಮುನಿಗಳು. ಹಿಂದಿನ ಮನೆಯಲ್ಲೇ ಇದ್ದಾರೆ" ಎಂದಿತು ಸಿಂಹ, ಮೀಸೆಯಲ್ಲೇ ನಗುತ್ತ.

ಕುಂಚಮುನಿಯ ಹೊಸಿಲಲ್ಲಿ ಚಪ್ಪಲಿಗಳ ರಾಶಿ. ಜಾತ್ರೆಗಾಗುವಷ್ಟು ಚಪ್ಪಲಿ, ಒಳಗೆ ಮಾತ್ರ ಒಬ್ಬನೇ ಮನುಷ್ಯ! ಎಲ್ಲದರ ಮೇಲೂ ಧೂಳು ಕೂತಿತ್ತು. ಬಂದವರು ಯಾರೂ ಹೊರಗೆ ಹೋಗಿಲ್ಲವೆಂದು ದೇಮವ್ವನಿಗೆ ಖಾತ್ರಿಯಾಯಿತು.

"ಬಾರಮ್ಮ" ಎಂದ ಕುಂಚಮುನಿ, ಗಡ್ಡ ನೀವುತ್ತ. "ನಿನ್ನ ತಂಗಿ ಕ್ಷೇಮವಾಗಿದ್ದಾಳೆ. ನಿನ್ನದೊಂದು ಚಿತ್ರ ಬರೆದು ಮುಗಿಸ್ತೀನಿ, ಆಮೇಲೆ ಕರೆದುಕೊಂಡು ಹೋಗುವಿಯಂತೆ."

ದೇಮವ್ವ ಒಲ್ಲದ ಮನಸ್ಸಿನಿಂದ ಕೂತಳು. ಅವನು ಹಲಗೆಯ ಮೇಲೆ ಅವಳ ಸೀರೆ ಬರೆದ, ಮೂಗುತಿ ಬರೆದ, ಕಣ್ಣುಗಳನ್ನು ಮಾತ್ರ ಬಿಟ್ಟ. ಅವಳೂರಿನಲ್ಲೂ ಅಮ್ಮನವರ ಪಟಕ್ಕೆ ಕಣ್ಣು ಬರೆಯುವುದು ಕೊನೆಗೇ. ಆ ಮೊದಲ ದೃಷ್ಟಿಯನ್ನು ಮನುಷ್ಯರು ತಾಳಲಾರರೆಂದು ಪಟದ ಎದುರಿಗೆ ಕನ್ನಡಿ ಇಡುತ್ತಾರೆ, ಎದುರಿಗೆ ಯಾರನ್ನೂ ನಿಲ್ಲಗೊಡುವುದಿಲ್ಲ.

"ಕನ್ನಡಿ ಎಲ್ಲಿ ಸ್ವಾಮಿ?"

"ನಮ್ಮಲ್ಲಿ ಆ ಪದ್ಧತಿ ಇಲ್ಲ. ನೀನು ಅಲ್ಲಾಡದೆ ಚಿತ್ರವನ್ನೇ ನೋಡುತ್ತಿರು" ಎಂದು ಕುಂಚಮುನಿ ತಾನು ಹಲಗೆಯ ಪಕ್ಕಕ್ಕೆ ಸರಿದು ನಿಂತ.

ಆಗ ದೇಮವ್ವನಿಗೆ ಎಲ್ಲ ತಿಳಿಯಿತು. ಚಿತ್ರದ ಮೊದಲ ದೃಷ್ಟಿ ಯಾರ ಮೇಲೆ ಬೀಳುತ್ತದೋ ಅವರು ಚಿತ್ರದೊಳಗೆ ಸೇರಿಹೋಗುತ್ತಾರೆ! ಕುಂಚ ಎರಡನೆಯ ಕಣ್ಣಿಗೆ ತಾಗಿತೋ ಇಲ್ಲವೋ, ಅವಳು ಹಾರಿ ಹಲಗೆಯನ್ನು ಅವನ ಕಡೆಗೆ ತಿರುಗಿಸಿದಳು.

"ಅಯ್ಯೋ, ಹಾಳಾದವಳೇ!" ಎಂಬ ಕೂಗಷ್ಟೇ ಕೇಳಿಸಿತು. ನೆಲದ ಮೇಲೆ ಬರಿಯ ಕುಂಚ ಉಳಿಯಿತು. ಚಿತ್ರದಲ್ಲಿ ಕುಂಚಮುನಿ ದೇಮವ್ವನ ಸೀರೆಯುಟ್ಟು, ಮೂಗುತಿ ತೊಟ್ಟು, ಗಡ್ಡ ಬಿಟ್ಟುಕೊಂಡು ನಿಂತಿದ್ದ.

ಅವನ ಮಾಯೆ ಅಲ್ಲಿಗೆ ಮುರಿಯಿತು. ಚಿತ್ರಶಾಲೆಯ ಜನರೆಲ್ಲ ಚೌಕಟ್ಟು ದಾಟಿ, ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಓಡಿ ಬಂದರು. ಚೆನ್ನಾಜಿಯೂ ಬಂದಳು. ದೇಮವ್ವ ಅವಳನ್ನು ತಬ್ಬಿಕೊಳ್ಳಲಿಲ್ಲ. ಹತ್ತಿರ ಕರೆದು, ಹೆಬ್ಬೆರಳಿಂದ ಅವಳ ಕೆನ್ನೆಯನ್ನು ಗಸಗಸ ಉಜ್ಜಿ, ಬೆರಳಿಗೆ ಬಣ್ಣ ಹತ್ತಿತೇ ಎಂದು ನೋಡಿದಳು.

"ಅಕ್ಕಾ, ಉರೀತದೆ ಕಣೇ! ಬಿಡೇ!"

ಆ ಗದರಿಕೆ ಕೇಳಿ ದೇಮವ್ವ ಹೋ ಎಂದು ಅತ್ತುಬಿಟ್ಟಳು. ಅಕ್ಕತಂಗಿಯರು ಕೈಹಿಡಿದು ಮನೆ ಸೇರಿದರು, ಬಹುಕಾಲ ಸುಖವಾಗಿ ಬಾಳಿದರು, ದಿನಕ್ಕೊಂದು ಸಲ ಜಗಳವನ್ನೂ ಆಡಿದರು.