ಹೆಸರು ಓದಿ ಜೋಡಿಸು

ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ಏಳು ಸಮುದ್ರ ದಾಟಿ ಬರುತ್ತಿದ್ದ. ಮೊಮ್ಮಗಳ ಮನೆಗೆ ಬಂದವನು ಮೂರು ಮಹಡಿ ಹತ್ತಿ, ಹೆಗಲಿಗೆ ತಾಮ್ರದ ಪೈಪಿನ ಸುರುಳಿ ಏರಿಸಿಕೊಂಡು, ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ.

ಹೊಲಿಗೆ ಬಿಟ್ಟು ಎದ್ದು ಬಂದಿದ್ದ ಅವಳ ತುಟಿಗಳ ನಡುವೆ ಎರಡು ಗುಂಡುಸೂಜಿಗಳಿದ್ದವು. ಹನ್ನೊಂದು ತಿಂಗಳ ಮೇಲೆ ಕಂಡ ಮುಖ. ಸೂಜಿಗಳನ್ನು ಒಂದೊಂದಾಗಿ ತೆಗೆದು ಕೈಯಲ್ಲಿದ್ದ ಅಂಗಿಯ ತೋಳಿಗೆ ಚುಚ್ಚಿದಳು, ಅವನಿಗೇ ಚುಚ್ಚುತ್ತಿರುವ ಹಾಗೆ ನಿಧಾನವಾಗಿ.

"ಅಂಗಡಿಯವರಿಗೆ ಬೇರೆ ಮೆಕ್ಯಾನಿಕ್ಕೇ ಸಿಗಲಿಲ್ವಾ?"

"ನನ್ನನ್ನೇ ಕಳಿಸಿ ಅಂತ ಫೋನ್ ಬಂದಿತ್ತಂತೆ" ಎಂದ ಅವನು, ಹೊಸ್ತಿಲಿನಿಂದ ಕಣ್ಣೆತ್ತದೆ. "ಈ ಮನೆಯಿಂದಲೇ."

"ನಾನಂತೂ ಮಾಡಿಲ್ಲ."

"ನಾನು ಮಾಡಿದ್ದು!" ಒಳಕೋಣೆಯಿಂದ ಅಣ್ಣನ ಒಡಕು ದನಿ ಬಂತು. "ಒಳಗೆ ಬಿಡೇ ಅವನನ್ನ. ಐಸ್‌ಕ್ಯಾಂಡಿ, ಬಾಗಿಲಲ್ಲೇ ನಿಂತ್ರೆ ಕರಗಿ ಹೋಗ್ತಾನೆ."

ಕಡ್ಡಿಯಂಥ ಮೈ, ತಣ್ಣನೆಯ ಕಸುಬು. ಅಣ್ಣನೇ ಇಟ್ಟ ಹೆಸರು ಅದು. ಎ.ಸಿ. ರಿಪೇರಿಯ ಶೆಡ್ಡಿನಲ್ಲಿ ಆರು ವರ್ಷ ಅಣ್ಣ ಗುರು, ಇವನು ಶಿಷ್ಯ. ಆಮೇಲೆ ಮನೆಗೂ ಬರತೊಡಗಿದ. ಗುರುವಿನ ತಂಗಿಗೆ 'ಗುಂಡುಸೂಜಿ' ಎಂದು ಹೆಸರಿಟ್ಟ. ಮದುವೆಯ ಮಾತೂ ಆಗಿತ್ತು.

ಆಮೇಲೆ ಶೆಡ್ಡಿನಲ್ಲಿ ಕಂಪ್ರೆಸರ್ ಸಿಡಿದು ಅಣ್ಣನ ಮೈ ಸುಟ್ಟುಹೋಯಿತು. ಇವನು ಆಸ್ಪತ್ರೆಯ ಬಾಗಿಲ ತನಕ ಒಮ್ಮೆ ಬಂದು, ತಿರುಗಿ ಹೋದವನು ಮತ್ತೆ ಸಿಗಲಿಲ್ಲ. ಸುಟ್ಟವನಿರುವ ಮನೆಗೆ ಯಾರು ಅಳಿಯನಾಗುತ್ತಾರೆ ಎಂದು ನೆರೆಯವರು ಆಡಿಕೊಂಡರು. ಅವಳೂ ಹಾಗೇ ನಂಬಿದಳು. ನಂಬಿದ ಮೇಲೂ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದರೆ ಅವಳ ಹೊಲಿಗೆ ಡೊಂಕಾಗುತ್ತಿತ್ತು.

ಅಣ್ಣನ ಎದೆ, ಕತ್ತು, ಎರಡೂ ತೋಳುಗಳಿಗೆ ಕಸಿ ಮಾಡಿದ ಚರ್ಮವಿತ್ತು. ಆ ಚರ್ಮ ಬೆವರುವುದಿಲ್ಲ. ಸೆಕೆಯಲ್ಲಿ ಮೈ ಮುಚ್ಚಳ ಹಾಕಿದ ಪಾತ್ರೆಯಂತೆ ಒಳಗೊಳಗೇ ಕುದಿಯುತ್ತದೆ, ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಹೋದ ವಾರ ಸೆಕೆ ತಲೆಗೇರಿ, ಎಂದೋ ಸತ್ತ ಅಜ್ಜಿಯೊಡನೆ ಮಾತಾಡತೊಡಗಿದ್ದ. ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ, ಕೋಣೆಯನ್ನು ವರ್ಷಪೂರ್ತಿ ಒಂದೇ ಹದದಲ್ಲಿ ಇಡಿ ಎಂದಿದ್ದರು ಡಾಕ್ಟರ್. ಅದಕ್ಕೇ ತಂಪೂ ಬಿಸಿಯೂ ಎರಡೂ ಕೊಡುವ ಸ್ಪ್ಲಿಟ್ ಎ.ಸಿ.ಗೆ ಅವಳು ಅಂಗಡಿಗೆ ಹೋಗಿ ಹೇಳಿ ಬಂದದ್ದು.

ಕೆಳಗಿನಿಂದ ಹೊತ್ತು ತಂದ ಎ.ಸಿ. ಪೆಟ್ಟಿಗೆಯನ್ನು ಅವನು ಒಡೆದಾಗ ಅವಳ ಹುಬ್ಬು ಗಂಟಿಕ್ಕಿತು. "ಇದು ಚಿಕ್ಕದು. ನಾನು ಎರಡು ಟನ್ ಬರೆಸಿದ್ದೆ."

"ನಾನೇ ಬದಲಾಯಿಸಿದೆ. ಒಂದು ಟನ್ ಸಾಕು. ದೊಡ್ಡದು ಹಾಕಿದ್ರೆ ಗಪ್ಪಂತ ತಣ್ಣಗಾಗಿ ನಿಲ್ಲುತ್ತೆ, ಮತ್ತೆ ಸೆಕೆ ಏರುತ್ತೆ, ಮತ್ತೆ ಶುರು. ಗುರುಗೆ ಏರಿಳಿತ ಆಗಬಾರದು." ಥರ್ಮಾಕೋಲ್ ಬಿಡಿಸಿ ಪಕ್ಕಕ್ಕಿಟ್ಟ. "ಈ ರೂಮ್ ಹತ್ತು ಇಂಟು ಹನ್ನೆರಡು. ನೆನಪಿದೆ."

"ಅಳತೆ ನೆನಪಿದೆ. ದಾರಿ ಮಾತ್ರ ಮರೆತುಹೋಗಿತ್ತು."

ಅಣ್ಣ ಖೊಳ್ಳೆಂದು ನಕ್ಕ, ನಗು ಕೆಮ್ಮಿಗೆ ತಿರುಗಿತು. ಮೆಕ್ಯಾನಿಕ್ ಟೇಪ್ ಹಿಡಿದ. ಗಾಳಿ ನೇರವಾಗಿ ಮೈಮೇಲೆ ಬೀಳದ ಹಾಗೆ, ಮಂಚದ ಪಕ್ಕದ ಗೋಡೆಯಲ್ಲಿ ಜಾಗ ಗುರುತು ಮಾಡಿದ. ಪೈಪು ಹೊರಹೋಗಲು ರಂಧ್ರ ಕೊರೆಯುವಾಗ ಡ್ರಿಲ್ಲನ್ನು ಹೊರಗಡೆಗೆ ಚೂರು ಇಳಿಸಿ ಹಿಡಿದ, ನೀರು ಒಳಗೆ ಬರಬಾರದಲ್ಲ. ಅವಳು ಕೆಳಗೆ ಪ್ಲಾಸ್ಟಿಕ್ ಚೀಲ ಒಡ್ಡಿ ನಿಂತಳು. ಅಣ್ಣನ ಎದೆಗೆ ಧೂಳು ಹೋಗಬಾರದು, ಅಷ್ಟೇ ಕಾರಣ ಎಂದು ಮನಸ್ಸಿಗೆ ಹೇಳಿಕೊಂಡಳು.

ಗೋಡೆಯ ಬಿಳಿ ಪುಡಿ ಅವಳ ರೆಪ್ಪೆಯ ಮೇಲೆ ಕೂತಿತು. ಡ್ರಿಲ್ ನಿಂತಿತು. ಅವನ ಕೈ ಅವಳ ಕೆನ್ನೆಯ ತನಕ ಬಂದು, ಗೇಣು ದೂರದಲ್ಲಿ ನಿಂತುಬಿಟ್ಟಿತು. ಹಿಂದೆಯಾಗಿದ್ದರೆ ಊದಿ ತೆಗೆಯುತ್ತಿದ್ದ. ಈಗ ಜೇಬಿನಿಂದ ಕರವಸ್ತ್ರ ತೆಗೆದು ಚಾಚಿದ. ಅವಳು ಅದನ್ನು ಮುಟ್ಟದೆ ಸೆರಗಿನಿಂದಲೇ ಒರೆಸಿಕೊಂಡಳು.

ಕಣ್ಣು ಉರಿದದ್ದು ಪುಡಿಗಷ್ಟೇ ಅಲ್ಲ.

ಒಳಗಿನ ಯಂತ್ರ ಗೋಡೆಗೆ, ಹೊರಗಿನದು ಬಾಲ್ಕನಿಗೆ. ಎರಡನ್ನೂ ತಾಮ್ರದ ಪೈಪಿನಿಂದ ಜೋಡಿಸಿದ. ಇನ್ನು ಎಲ್ಲಾದರೂ ಸೋರುತ್ತದೆಯೋ ಎಂದು ಪೈಪಿಗೆ ಒತ್ತಡ ತುಂಬಿ ನೋಡಬೇಕು. ಕೆಳಗಿಳಿದು ಹೋಗಿ ಸಿಲಿಂಡರ್ ಹೊತ್ತು ತಂದ. ಅದರ ಚೀಟಿಯ ಮೇಲೆ ಬೆರಳಿಟ್ಟು ಓದಿದ. ಮತ್ತೆ ಓದಿದ.

"ಏನದು?" ಎಂದ ಅಣ್ಣ.

"ನೈ... ಗುರು, ಸರಿಯಾಗಿದೆ."

"ನಾನು ಏನು ಕಲಿಸಿದ್ದೆ? ಸಿಲಿಂಡರಿನ ಬಣ್ಣ ನಂಬಬೇಡ, ಇಟ್ಟ ಜಾಗ ನಂಬಬೇಡ. ಹೆಸರು ಓದಿ ಜೋಡಿಸು. ಜೋರಾಗಿ ಓದೋ."

"ನೈಟ್ರೋಜನ್" ಎಂದ ಅವನು. ಸಿಲಿಂಡರನ್ನು ತಬ್ಬಿಕೊಂಡು ನೆಲದ ಮೇಲೆ ಕೂತ.

ಅವಳು ಒಬ್ಬರಾದ ಮೇಲೆ ಒಬ್ಬರನ್ನು ನೋಡಿದಳು. "ಏನು ನಡೀತಿದೆ ಇಲ್ಲಿ?"

"ಹೇಳು" ಎಂದ ಅಣ್ಣ, ಚಾವಣಿ ನೋಡುತ್ತಾ. "ಅದಕ್ಕೇ ಕರೆಸಿದ್ದು ನಿನ್ನನ್ನ."

ಅವನು ಸಿಲಿಂಡರಿಗೇ ಹೇಳುವಂತೆ ಹೇಳಿದ. "ಆವತ್ತು ನೈಟ್ರೋಜನ್ ಖಾಲಿಯಾಗಿತ್ತು. ಪಕ್ಕದಲ್ಲಿ ಬೆಸುಗೆಯ ಆಕ್ಸಿಜನ್ ಇತ್ತು. ಎರಡೂ ಗಾಳಿ ತಾನೆ, ಐದು ನಿಮಿಷದ ಟೆಸ್ಟು ಅಂದ್ಕೊಂಡು ಅದನ್ನೇ ಜೋಡಿಸಿದೆ. ಒಳಗೆ ಕಂಪ್ರೆಸರ್ ಎಣ್ಣೆ ಇತ್ತು. ಎಣ್ಣೆಗೆ ಆಕ್ಸಿಜನ್ ತಾಕಿದ್ರೆ ಬಾಂಬು. ಅದು ನನಗೆ ಗೊತ್ತಿತ್ತು ಕಣೇ. ಗೊತ್ತಿದ್ದೂ ಜೋಡಿಸಿದೆ. ಗುರು ನೋಡಿ, ನನ್ನನ್ನ ಆಚೆ ತಳ್ಳಿ, ವಾಲ್ವ್ ಮುಚ್ಚೋಕೆ ಕೈ ಹಾಕಿದ್ರು."

ಅವಳು ಅಣ್ಣನ ಸುಟ್ಟ ತೋಳುಗಳನ್ನು ನೋಡಿದಳು.

"ಯಾಕೆ ಅಷ್ಟು ಅವಸರ?" ಅವಳು ಅವನತ್ತ ಬಾಗಿ ಕೇಳಿದಳು.

ಕೇಳುತ್ತಿದ್ದಂತೆ ಅವಳಿಗೇ ನೆನಪಾಯಿತು. ಆ ದಿನ ಸಂಜೆ ಇಬ್ಬರೂ ಬಾಡಿಗೆ ಮನೆ ನೋಡಲು ಹೋಗಬೇಕಿತ್ತು. 'ತಡ ಮಾಡಿದ್ರೆ ನಿನ್ನ ಜೊತೆ ಮಾತೇ ಆಡಲ್ಲ' ಎಂದು ಫೋನಿನಲ್ಲಿ ಮುನಿಸು ನಟಿಸಿದವಳು ಅವಳೇ.

"ಇದನ್ನ ಹೇಳಿದ್ರೆ ನೀನು ನಿನ್ನನ್ನೇ ಬೈಕೊಳ್ತೀಯ ಅಂತ..." ಎಂದ ಅವನು.

"ನಿನ್ನ ಹೇಡಿತನಕ್ಕೆ ನನ್ನ ಹೆಸರಿಡಬೇಡ" ಎಂದಳು. ಅಣ್ಣನ ಕಡೆ ತಿರುಗಿದಳು. "ನೀನೂ ಮುಚ್ಚಿಟ್ಟೆ. ಹಳೇ ಕಂಪ್ರೆಸರ್, ತಾನಾಗೇ ಸಿಡೀತು ಅಂದೆ."

"ಹೇಳಿದ್ರೆ ನೀನು ಅವನನ್ನ ಬಿಟ್ಟುಬಿಡ್ತಿದ್ದೆ. ನಾನು ಸುಟ್ಟಿದ್ದು ಸಾಕು, ನಿಂದಾದರೂ ಉಳೀಲಿ ಅಂದ್ಕೊಂಡೆ. ಈ ಕತ್ತೆ ತಾನೇ ಬಿಟ್ಟು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?" ಅಣ್ಣ ಕಣ್ಣು ಮುಚ್ಚಿದ. "ಲೋ, ಕೆಲಸ ಮುಗಿಸು. ಬೇಯ್ತಿದೀನಿ ನಾನು."

ಅವನು ಎದ್ದು ಮುಗಿಸಿದ. ಪೈಪು ಸೋರಲಿಲ್ಲ. ವ್ಯಾಕ್ಯೂಮ್ ಪಂಪ್ ಅರ್ಧ ಗಂಟೆ ಗುರುಗುಟ್ಟಿ ಪೈಪಿನ ಗಾಳಿಯನ್ನೆಲ್ಲ ಹೀರಿತು. ಆ ಅರ್ಧ ಗಂಟೆ ಇಬ್ಬರೂ ಮೀಟರಿನ ಮುಳ್ಳು ನೋಡುತ್ತಾ ಕೂತರು, ನಡುವೆ ಒಂದು ಮೊಳ ನೆಲ. ಅವನ ಮುಂಗೈಯಲ್ಲೂ ಅಂಗೈಯಗಲ ಸುಟ್ಟ ಕಲೆ ಇರುವುದನ್ನು ಅವಳು ಆಗ ಕಂಡಳು. ಆ ಕಲೆಯನ್ನು ಮುಟ್ಟಬೇಕೆನಿಸಿತು, ಪರಚಬೇಕೆಂದೂ ಅನಿಸಿತು. ಪ್ರೀತಿ ಸತ್ತಿದ್ದರೆ ಎಷ್ಟು ಸುಲಭವಿತ್ತು!

ಯಂತ್ರ ಶುರುವಾಯಿತು. ಗಂಟೆಯೊಳಗೆ ಕೋಣೆ ಹದಕ್ಕೆ ಬಂತು. ಅಣ್ಣನ ಕತ್ತಿನ ಕೆಂಪು ನಿಧಾನವಾಗಿ ಇಳಿಯಿತು. ಮೆಕ್ಯಾನಿಕ್ ಉಪಕರಣಗಳನ್ನು ತುಂಬಿಕೊಂಡು, ಚೀಲ ಹೆಗಲಿಗೇರಿಸಿ, ಬಾಗಿಲತ್ತ ನಡೆದ.

"ನಿನ್ನನ್ನ ಕ್ಷಮಿಸಿಲ್ಲ" ಎಂದಳು ಬೆನ್ನ ಹಿಂದಿನಿಂದ.

"ಗೊತ್ತು."

"ಕ್ಷಮಿಸ್ತೀನೋ ಇಲ್ವೋ ಅದೂ ಗೊತ್ತಿಲ್ಲ. ನಿನ್ನ ಮೇಲಿನ ಆಸೆ ಮಾತ್ರ ಹೋಗಿಲ್ಲ, ಹಾಳಾದ್ದು." ಮಂಚದತ್ತ ಕೈ ತೋರಿದಳು. "ಅಣ್ಣನ ಮೊಣಕೈ ಕಸಿ ಚರ್ಮ ಎಳ್ಕೊಂಡು ಮಡಚಿ ಹೋಗ್ತಿದೆ. ದಿನಾ ಎರಡು ಸಲ ಎಳೆದು ಬಿಡಿಸಬೇಕು. ಒಬ್ಬರು ಭುಜ ಹಿಡೀಬೇಕು, ಒಬ್ಬರು ಕೈ ಎಳೀಬೇಕು. ಇಷ್ಟು ತಿಂಗಳು ಒಬ್ಬಳೇ ಮಾಡಿದೀನಿ. ದಿನಾ ಬರೋ ಹಾಗಿದ್ರೆ ಚೀಲ ಇಳಿಸು. ಒಂದು ದಿನ ತಪ್ಪಿಸೋನಾದ್ರೆ ಈಗಲೇ ಹೋಗು."

ಅವನು ಚೀಲ ಇಳಿಸಿದ. ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ಬಂದ. ಮಂಚದ ಆಚೆ ಬದಿಗೆ ನಿಂತು ಗುರುವಿನ ಭುಜದ ಮೇಲೆ ಕೈಯಿಟ್ಟ.

"ಮೆಲ್ಲಗೆ ಕಣೋ" ಎಂದ ಅಣ್ಣ. "ಇದು ತಾಮ್ರದ ಪೈಪಲ್ಲ."

ಅವಳು ಎಳೆದಳು. ಅಣ್ಣ ಕಿರುಚಿದ. ಮೆಕ್ಯಾನಿಕ್ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಕಣ್ಣು ಬಿಡು" ಎಂದಳು ಅವಳು. "ನೋಡ್ಕೊಂಡೇ ಹಿಡಿ."

ಅವನು ಕಣ್ಣು ತೆರೆದ. ಮುದುರಿದ ಆ ತೋಳಿನ ಮೇಲಿಂದ ಅವಳನ್ನು ನೋಡಿದ. ಅವನ ಕೆನ್ನೆ ಒದ್ದೆಯಾಗಿತ್ತು, ಕೈ ಮಾತ್ರ ಸಡಿಲಾಗಲಿಲ್ಲ.

"ಇನ್ನೊಂದು ಸಲ" ಎಂದಳು.